ರಿಕ್ಷಾದಿಂದ ಇಳಿದುಹೋದ ಮನುಷ್ಯ

ನೋಡಿ, ಇದು ಟೋಕಿಯೋದ ಅಸಾಕುಸಾ, ಆ ದೊಡ್ಡ ಕೆಂಪು ಲಾಟೀನು ನೇತಾಕಿದಾರಲ್ಲ ಅದು ಕಾಮಿನಾರಿಮೊನ್ ಗೇಟು, ಆದ್ರೆ ನಾನು ಬಂದಿದ್ದು ಗೇಟ್ ನೋಡೋಕಲ್ಲ, ಅದರ ಮುಂದೆ ನಿಂತಿರೋ ಈ ಕಪ್ಪು ಗಾಡಿಗಳನ್ನ ನೋಡೋಕೆ. ಹೆಬ್ಬೆರಳಿಗೆ ಬೇರೆ ಜಾಗ ಇರೋ ಶೂ ಹಾಕ್ಕೊಂಡು ಈ ಹುಡುಗ್ರು ಎಳ್ಕೊಂಡು ಓಡ್ತಿರೋದರ ಹೆಸರು ಜಿನ್‌ರಿಕಿಶಾ. ಜಿನ್ ಅಂದ್ರೆ ಮನುಷ್ಯ, ರಿಕಿ ಅಂದ್ರೆ ಶಕ್ತಿ, ಶಾ ಅಂದ್ರೆ ಗಾಡಿ. 1870ರಲ್ಲಿ ಟೋಕಿಯೋದಲ್ಲಿ ಇದಕ್ಕೆ ಪರ್ಮಿಷನ್ ಸಿಕ್ತು, 1880ರ ಸುಮಾರಿಗೆ ಶಿಮ್ಲಾಗೂ ಬಂದ್ಬಿಡ್ತು, ಅಷ್ಟರಲ್ಲಿ ಇಂಗ್ಲಿಷ್‌ನವರಿಗೆ ಅಷ್ಟುದ್ದ ಹೆಸರು ಬಾಯಲ್ಲಿ ತಿರುಗ್ಲಿಲ್ಲ ಅನ್ಸುತ್ತೆ, ಮುಂದಿನ ಜಿನ್ ಕಿತ್ತಾಕಿ ರಿಕ್ಷಾ ಅಂದ್ರು. ಎಳೆಯೋನು ಬೆವರು ಸುರಿಸ್ಕೊಂಡು ಎಳೀತಾನೇ ಇದ್ದ, ಹೆಸರಲ್ಲಿ ಮಾತ್ರ ಅವನಿಲ್ಲ!

ಪದಗಳು ಊರು ಬಿಟ್ಟು ಊರಿಗೆ ಹೋದಾಗ ಹಿಂಗೇನೇ, ಕೈಯೋ ಕಾಲೋ ಕಳ್ಕೊಂಡೇ ಇಳಿಯೋದು. ಜಪಾನ್‌ನವರೇನು ಕಮ್ಮಿ ಇಲ್ಲ. ಅಲ್ಲಿ ಬೋರ್ಡ್ ನೋಡಿ, ಕರಾವೋಕೆ, ಅದ್ರಲ್ಲಿ ಕರಾ ಅಂದ್ರೆ ಖಾಲಿ, ಓಕೆ ಅನ್ನೋದು ಇಂಗ್ಲಿಷ್‌ನ ಆರ್ಕೆಸ್ಟ್ರಾನೇ ಕತ್ತರಿಸಿ ಉಳಿಸ್ಕೊಂಡಿರೋ ತುಂಡು. ವಾದ್ಯದವರ ಕುರ್ಚಿ ಖಾಲಿ, ನೀವು ಹಾಡ್ಕೊಳ್ಳಿ ಅಂತ. ಆ ತುಂಡೇ ವಾಪಸ್ ಇಂಗ್ಲಿಷ್‌ಗೆ ಹೋಗಿ ಈಗ ಜಪಾನೀ ಪದ ಅಂತ ಮೆರೀತಿದೆ. ಇಮೋಜಿನ ಇಮೋಷನ್‌ನಿಂದ ಬಂದಿದ್ದು ಅಂತ ನಾನು ವರ್ಷಗಟ್ಟಲೆ ನಂಬಿದ್ದೆ, ಅಲ್ವೇ ಅಲ್ಲ, ಎ ಅಂದ್ರೆ ಚಿತ್ರ, ಮೊಜಿ ಅಂದ್ರೆ ಅಕ್ಷರ, ಅಷ್ಟೇ.

ಟೈಕೂನ್ ಕಥೆ ಇನ್ನೂ ಮಜಾ. ತೈಕುನ್ ಅಂದ್ರೆ ಮಹಾಪ್ರಭು, ವಿದೇಶದವರ ಹತ್ರ ಶೋಗನ್‌ಗೆ, ಅಂದ್ರೆ ಆಗ ಜಪಾನ್ ಆಳ್ತಿದ್ದ ಸೇನಾಧಿಪತಿಗೆ, ಹೇಳ್ತಿದ್ದ ಬಿರುದು, ಅಮೆರಿಕದಲ್ಲಿ ಅಬ್ರಹಾಂ ಲಿಂಕನ್‌ನ ಸೆಕ್ರೆಟರಿ ಜಾನ್ ಹೇ ತನ್ನ ಬಾಸ್‌ಗೆ ಬೆನ್ನಹಿಂದೆ ಇದನ್ನೇ ಅಡ್ಡಹೆಸರು ಮಾಡ್ಕೊಂಡಿದ್ದ. ಈಗ ದುಡ್ಡಿದ್ದೋರೆಲ್ಲ ಟೈಕೂನೇ. ಇನ್ನು ಆಫೀಸಲ್ಲಿ ಹೆಡ್ ಹಾಂಚೊ ಅಂತಾರಲ್ಲ, ಅದರ ಮೂಲ ಹಾನ್‌ಚೋ, ಒಂದು ಸಣ್ಣ ತುಕಡಿಯ ಮುಖಂಡ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಜಪಾನಲ್ಲಿದ್ದ ಅಮೆರಿಕನ್ ಸೈನಿಕರು ಎತ್ಕೊಂಡು ಹೋಗಿದ್ದು. ಅಂದ್ರೆ ಹೆಡ್ ಹಾಂಚೊ ಅಂದ್ರೆ ಮುಖಂಡರ ಮುಖಂಡ, ನಾವು ನಡುಮಧ್ಯ ಅಂತೀವಲ್ಲ ಹಂಗೆ. ನಗ್ಬೇಡಿ, ಶುರುವಲ್ಲಿ ನಾನೂ ಕಾಮಿನಾರಿಮೊನ್ ಗೇಟು ಅಂದೆ, ಮೊನ್ ಅಂದ್ರೇನೇ ಗೇಟು.

ಸರಿ, ವಾಪಸ್ ಗಾಡಿಗೆ. ನಮ್ಮಲ್ಲಿ ಎಂಜಿನ್ ಕೂರಿಸಿ ಆಟೋರಿಕ್ಷಾ ಮಾಡಿದ್ರು, ಆಗ ಎಳೆಯೋ ಮನುಷ್ಯ ನಿಜವಾಗ್ಲೂ ಬೇಕಿರ್ಲಿಲ್ಲ, ಹೆಸರಿಂದ ಅವನು ಮೊದ್ಲೇ ಇಳಿದುಹೋಗಿದ್ದ. ಮಂಗಳೂರು ಕಡೆ ಇನ್ನೂ ರಿಕ್ಷಾ ಅಂತಾರೆ, ಶಕ್ತಿ ಮತ್ತು ಗಾಡಿ ಎರಡೂ ಉಳ್ಕೊಂಡಿದೆ. ಬೆಂಗಳೂರಲ್ಲಿ ನಾವು ಅದನ್ನೂ ಬಿಟ್ವಿ, ರಸ್ತೆ ಮಧ್ಯ ನಿಂತ್ಕೊಂಡು ಕೈ ಅಡ್ಡ ಹಾಕಿ ಕೂಗೋದು ಬರೀ ಆಟೋ, ಜಪಾನಿಂದ ಬಂದಿದ್ದು ಒಂದಕ್ಷರನೂ ಇಲ್ಲ.