ಕಬಿನಿಯಲ್ಲಿ ಕಾಡು ತೋರಿಸುವವರು

ಕೇಳುಗರಿಗೆಲ್ಲ ನಮಸ್ಕಾರ.

ಕಬಿನಿಗೆ ಹೋಗಿ ಬಂದವರನ್ನು ಮಾತಿಗೆಳೆದು ನೋಡಿ. ಹುಲಿ ಯಾವ ತಿರುವಿನಲ್ಲಿ ಸಿಕ್ಕಿತು, ಎಷ್ಟು ಹೊತ್ತು ನಿಂತಿತ್ತು, ಕರಿಚಿರತೆ ಹೇಗೆ ಕಣ್ತಪ್ಪಿಸಿತು, ಎಲ್ಲವನ್ನೂ ಹುರುಪಿನಿಂದ ಹೇಳುತ್ತಾರೆ. ಜೀಪು ಓಡಿಸಿದ್ದು ಯಾರು ಎಂದು ಕೇಳಿ. "ಯಾರೋ ಒಬ್ಬರು, ತುಂಬ ಚೆನ್ನಾಗಿ ತೋರಿಸಿದರು" ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ. ಕಾಡು ತೋರಿಸುವುದನ್ನೇ ಕಸುಬು ಮಾಡಿಕೊಂಡ ಒಂದು ಕಂಪನಿಯನ್ನು ಹೊತ್ತು ನಿಂತಿರುವ ಆ 'ಯಾರೋ ಒಬ್ಬರ' ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ.

ಕಂಪನಿಯ ಹೆಸರು ನಿಮಗೆ ಗೊತ್ತಿರುವುದೇ, ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. ಈಗ ದಾಂಡೇಲಿಯಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಅದರ ಶಿಬಿರಗಳಿವೆ. ಶುರುವಾದಾಗ ಅದು ತೀರ ಸಣ್ಣದು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಹಿನ್ನೀರಿನ ದಂಡೆಯಲ್ಲಿ, ರಾಜರ ಕಾಲದ ಬೇಟೆಯ ಬಂಗಲೆ ಇತ್ತು. ಅಲ್ಲಿಂದ ಆರಂಭ. 1980ರಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಎಂಬ ಖಾಸಗಿ ಸಂಸ್ಥೆಯ ಜೊತೆ ಪಾಲುದಾರಿಕೆಯಲ್ಲಿ ಈ ಕಂಪನಿಯನ್ನು ಹುಟ್ಟುಹಾಕಿತು. ಮುಂದೆ ಟೈಗರ್ ಟಾಪ್ಸ್‌ನವರು ಬಿಟ್ಟುಹೋದರು, ಕಂಪನಿ ಪೂರ್ತಿ ಸರ್ಕಾರದ್ದಾಯಿತು.

ಟೈಗರ್ ಟಾಪ್ಸ್ ಇದ್ದದ್ದು ಚಿತ್ವನ್ ಕಾಡಿನಲ್ಲಿ. ಅದನ್ನು ಬೆಳೆಸಿದ ಜಿಮ್ ಎಡ್ವರ್ಡ್ಸ್ ಹೆಸರು ಪುಸ್ತಕಗಳಲ್ಲಿದೆ, ಅಲ್ಲೇ ವರ್ಷಗಟ್ಟಲೆ ಹುಲಿಗಳ ಜಾಡು ಹಿಡಿದು ಅಧ್ಯಯನ ಮಾಡಿದ ಚಾರ್ಲ್ಸ್ ಮೆಕ್‌ಡೂಗಲ್ ಹೆಸರೂ ಇದೆ. ಅವರಿಗೆ ಆನೆ ನಡೆಸಿಕೊಟ್ಟ, ಹುಲ್ಲಿನಲ್ಲಿ ಹುಲಿ ಮಲಗಿದ ಜಾಗವನ್ನು ಗುರುತಿಸಿಕೊಟ್ಟ ಅಲ್ಲಿನ ಥಾರೂ ಬುಡಕಟ್ಟಿನ ಜನರ ಹೆಸರುಗಳನ್ನು ಹುಡುಕುವುದು ಕಷ್ಟ. ಈ ಪದ್ಧತಿ ಕೂಡ ನಮ್ಮಲ್ಲಿಗೆ ಜೊತೆಗೇ ಬಂತು ಎಂದು ನನಗೆ ಅನ್ನಿಸುತ್ತದೆ.

1980ರ ಕಬಿನಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಕಾಕನಕೋಟೆಯ ಕೊನೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾರ್ಯಾಚರಣೆ, ನಡೆದದ್ದು 1971ರಲ್ಲಿ, ಅದು ಮುಗಿದು ಹತ್ತು ವರ್ಷವೂ ತುಂಬಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿ ನಿಂತಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿಯ ಬೀಚನಹಳ್ಳಿ ಅಣೆಕಟ್ಟು ಮುಗಿದು, ಆನೆಗಳನ್ನು ಹೊಳೆ ದಾಟಿಸಿ ದೊಡ್ಡಿಗೆ ಅಟ್ಟುತ್ತಿದ್ದ ಆ ಜಾಗವೇ ನೀರಿನಡಿ ಹೋಯಿತು. ತಮಟೆ ಬಡಿದು, ಕೂಗು ಹಾಕಿ ಆನೆ ಅಟ್ಟಿದ ಕುರುಬರು, ಪಳಗಿಸಿದ ಮಾವುತರು, ಕಾವಾಡಿಗಳು ಎಲ್ಲರೂ ಅಲ್ಲೇ ಇದ್ದರು. ಅವರ ಕೆಲಸ ಮಾತ್ರ ಹೋಗಿತ್ತು. ಕಾಡನ್ನು ಅಷ್ಟು ಬಲ್ಲ ಜನ ಕೈಗೆ ಸಿಕ್ಕಿದ್ದು ಈ ಹೊಸ ಕಂಪನಿಯ ಭಾಗ್ಯ.

ಇನ್ನು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್. ಕಬಿನಿಯ ಮಾತು ಬಂದರೆ ಇವರನ್ನು ಬಿಟ್ಟು ಮುಂದೆ ಹೋಗಲಾಗದು. ಹುಟ್ಟಿದ್ದು 1916ರಲ್ಲಿ, ಬಿಹಾರದ ಗಯಾದಲ್ಲಿ. ಹುಡುಗನಾಗಿದ್ದಾಗಲೇ ಕೋವಿ ಹಿಡಿದವರು, ಸೈನ್ಯದಲ್ಲಿದ್ದವರು, ಹುಲಿ ಬೇಟೆಯನ್ನು ಚೆನ್ನಾಗಿ ಬಲ್ಲವರು. ಆ ಕೋವಿಯನ್ನು ಕೆಳಗಿಟ್ಟು ಕಾಡು ಉಳಿಸುವ ಕಡೆಗೆ ತಿರುಗಿದರು. ಕಾರಾಪುರದ ಶಿಬಿರವನ್ನೇ ಮನೆ ಮಾಡಿಕೊಂಡು, ಎಲ್ಲರ ಬಾಯಲ್ಲಿ 'ಪಾಪಾ' ಆಗಿ, 2010ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಡಿನೊಳಗೆ ಗದ್ದಲ ಕೂಡದು, ಪ್ರಾಣಿಯ ದಾರಿಗೆ ಅಡ್ಡ ಹೋಗಕೂಡದು ಎಂಬ ಶಿಸ್ತು ಬೇರೂರಲು ಅಂಥವರೊಬ್ಬರು ಬೇಕಿತ್ತು. ಪತ್ರಿಕೆಗಳು ಅವರ ಬಗ್ಗೆ ಬರೆದವು, ಬರೆಯಬೇಕಾದದ್ದೇ. ಆದರೆ ಆ ಶಿಸ್ತನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಿಸಿಲೆನ್ನದೆ ಪಾಲಿಸಿಕೊಂಡು ಬಂದವರು ಬೇರೆ ಜನ. ಅಂಥವರೊಬ್ಬರ ಜೀಪಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ.

ಚಳಿಗಾಲದ ಒಂದು ಬೆಳಿಗ್ಗೆ. ಸೂರ್ಯ ಇನ್ನೂ ಮರಗಳ ಹಿಂದೆಯೇ ಇದ್ದ. ದಾರಿಯ ಧೂಳಿನ ಮೇಲೆ ಹುಲಿಯ ಹೆಜ್ಜೆ ಕಂಡದ್ದೇ ಅವರು ಜೀಪು ನಿಲ್ಲಿಸಿ ಎಂಜಿನ್ ಆರಿಸಿದರು. ಹಿಂದೆ ಕೂತವರೆಲ್ಲ ಫೋನು ತೆಗೆದರು. ಚಾಲಕರು ಬಾಗಿಲಿನಾಚೆಗೆ ಬಗ್ಗಿ ನೋಡುತ್ತಿದ್ದರೇ ಹೊರತು ಕೆಳಗಿಳಿಯಲಿಲ್ಲ. "ನೋಡಿ ಸಾರ್, ರಾತ್ರಿಯೆಲ್ಲ ಮರದಿಂದ ಮಂಜಿನ ಹನಿ ಬಿದ್ದಿದೆ. ಧೂಳಿನ ಮೇಲೆ ಚುಕ್ಕಿ ಚುಕ್ಕಿ ಕಾಣುತ್ತಲ್ಲ? ಹೆಜ್ಜೆ ಒಳಗೆ ಒಂದು ಚುಕ್ಕಿಯೂ ಇಲ್ಲ. ಹನಿ ನಿಂತ ಮೇಲೆ ಹೋಗಿದೆ, ಇಲ್ಲೇ ಎಲ್ಲೋ ಇದೆ" ಎಂದರು. ಹೆಜ್ಜೆ ಕೊಂಚ ನೀಳವಾಗಿದೆ, ಹೆಣ್ಣಿರಬೇಕು ಎಂದೂ ಸೇರಿಸಿದರು.

ಅಷ್ಟರಲ್ಲಿ ಜಿಂಕೆಯೊಂದು ಕೂಗಿತು. ಹಿಂದಿನ ಸೀಟಿನವರು "ಹೋಗಿ, ಹೋಗಿ" ಎಂದು ಅವಸರಪಡಿಸಿದರು. ಚಾಲಕರು ಕದಲಲಿಲ್ಲ. ಜಿಂಕೆ ಸೀಳುನಾಯಿ ಕಂಡರೂ ಕೂಗುತ್ತದೆ, ಎಲೆ ಅಲ್ಲಾಡಿದರೂ ಕೆಲವು ಸಲ ಬೆದರುತ್ತದೆ, ಕಡವೆ ಬಾಯಿ ಬಿಡಲಿ ಎಂದರು. ಸ್ವಲ್ಪ ಹೊತ್ತಿಗೆ ಎತ್ತರದ ಮರದಿಂದ ಮುಸುವ ಕೆಮ್ಮಿತು, ಅದರ ಬೆನ್ನಿಗೇ ಕೆರೆಯ ಕಡೆಯಿಂದ ಕಡವೆ 'ಢಾಂಕ್' ಎಂದಿತು. ಆಗ ಕೀಲಿ ತಿರುಗಿಸಿದರು. ಕೆರೆಯ ಏರಿಯಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸಿ ಕಾದೆವು. ಕಡವೆ ಬಾಲ ನಿಮಿರಿಸಿಕೊಂಡು ಒಂದೇ ಕಡೆ ನೋಡುತ್ತ, ಮುಂಗಾಲಿನಿಂದ ನೆಲ ಬಡಿಯುತ್ತಿತ್ತು. ಹುಲಿ ಲಂಟಾನದ ಪೊದೆ ಬಿಟ್ಟು ಹೊರಗೆ ಬರಲೇ ಇಲ್ಲ. ವಾಪಸು ಬರುವಾಗ ದಾರಿಯಲ್ಲಿ ಆನೆಗಳು, ಗುಂಪಿನ ನಡುವೆ ಪುಟ್ಟ ಮರಿ. ಯಾರೂ ಹೇಳುವ ಮೊದಲೇ ಅವರು ಜೀಪನ್ನು ಹಿಂದಕ್ಕೆ ತೆಗೆದುಕೊಂಡರು. ಫೋಟೋಗೆ ಇನ್ನಷ್ಟು ಹತ್ತಿರ ಬೇಕಿತ್ತು ಎಂದು ಒಬ್ಬರು ಗೊಣಗಿದರು. "ತಾಯಿಗೆ ಗಾಬರಿ ಆಗುತ್ತೆ ಮೇಡಂ" ಎಂದಷ್ಟೇ ಹೇಳಿ ಸುಮ್ಮನಾದರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಆಮೇಲೆ ಚಹಾ ಕುಡಿಯುವಾಗ ಕೇಳಿದೆ. ಚಿಕ್ಕಂದಿನಲ್ಲಿ ದನ ಕಾಯುತ್ತಿದ್ದರಂತೆ. ಸಂಜೆ ಒಂದು ಹಸು ಬರಲಿಲ್ಲವೆಂದರೆ ಯಾವ ಕಡೆ ಹುಡುಕಬೇಕು, ಯಾವ ಕಡೆ ಹೋಗಬಾರದು ಎಂಬುದನ್ನು ಹಕ್ಕಿ, ಮುಸುವಗಳ ಕೂಗಿನಿಂದಲೇ ತೀರ್ಮಾನಿಸಬೇಕಿತ್ತು. ಅವರ ತಾತ ಖೆಡ್ಡಾದಲ್ಲಿ ಆನೆ ಅಟ್ಟಲು ಹೋಗುತ್ತಿದ್ದರು.

ಇಂಥ ಚಾಲಕರ ಮೇಲೆ ಅತಿಥಿಗಳು ಹಾಕುವ ಒತ್ತಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಲಿ ಸಿಕ್ಕ ದಿನ ಟಿಪ್ಸ್ ಕೈತುಂಬ, ಸಿಗದ ದಿನ ಮುಖ ಗಂಟು. ಕಾಡು ಪ್ರವಾಸದ ಊರುಗಳಲ್ಲೆಲ್ಲ ಈ ರೂಢಿ ಇದೆ. ಅದರ ಫಲವಾಗಿ ಒಂದು ಹುಲಿಯ ಸುತ್ತ ಜೀಪುಗಳು ಮುತ್ತಿಕೊಳ್ಳುತ್ತವೆ, ಅದು ಹೋಗಬೇಕಾದ ದಾರಿಯೇ ಮುಚ್ಚಿಹೋಗುತ್ತದೆ. ಮರಿಯಾನೆಗೆ ದಾರಿ ಬಿಟ್ಟುಕೊಟ್ಟ ಆ ಚಾಲಕರಿಗೆ ಅವತ್ತು ಯಾರೂ ಕೈಬಿಚ್ಚಿ ಕೊಡಲಿಲ್ಲ. ಅತಿಥಿಗಳು ಕೊಡುವ ಹಣವನ್ನು ಒಂದೇ ಪೆಟ್ಟಿಗೆಗೆ ಹಾಕಿಸಿ, ಅಡುಗೆಯವರಿಂದ ಹಿಡಿದು ಎಲ್ಲರಿಗೂ ಸಮನಾಗಿ ಹಂಚುವುದು ಇದಕ್ಕೆ ಮದ್ದು. ನಸುಕಿನಲ್ಲೇ ಎದ್ದು ಒಲೆ ಹಚ್ಚುವವರು, ಕೊಠಡಿ ಗುಡಿಸುವವರು, ದೋಣಿ ನಡೆಸುವವರು ಎಂದೂ ಹುಲಿ ತೋರಿಸುವುದಿಲ್ಲ. ಆದರೆ ಅವರಿಲ್ಲದೆ ಬೆಳಗಿನ ಜೀಪು ಹೊರಡುವುದಿಲ್ಲ.

ಹಾಡಿಯ, ಅಂದರೆ ಕಾಡಿನ ಬುಡಕಟ್ಟು ವಸತಿಗಳ, ಜನರ ವಿಷಯ ಇನ್ನೂ ಭಾರವಾದದ್ದು. ನಾಗರಹೊಳೆಯ ಒಳಗಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು 1970ರ ದಶಕದಿಂದೀಚೆಗೆ ಕಾಡಿನಿಂದ ಹೊರಬಂದಿವೆ. ಕೆಲವರು ಒತ್ತಾಯಕ್ಕೆ ಸಿಕ್ಕಿ ಬಂದರು, ಕೆಲವರು ಭೂಮಿ, ಮನೆ, ಶಾಲೆಯ ಭರವಸೆಯ ಮೇಲೆ ಬಂದರು. 1990ರ ದಶಕದಲ್ಲಿ ಇದೇ ಕಾಡಿನೊಳಗಿನ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ರೆಸಾರ್ಟ್ ನಡೆಸಲು ಸರ್ಕಾರ ಒಪ್ಪಿದಾಗ ಹಾಡಿಗಳ ಜನ ಬೀದಿಗಿಳಿದರು. ನಮ್ಮನ್ನು ಹೊರಗೆ ಕಳಿಸಿ ಅತಿಥಿಗಳನ್ನು ಒಳಗೆ ಕೂರಿಸುತ್ತೀರಾ ಎಂಬುದು ಅವರ ಪ್ರಶ್ನೆ. 1997ರಲ್ಲಿ ಹೈಕೋರ್ಟು ಆ ಒಪ್ಪಂದ ಅರಣ್ಯ ಕಾನೂನಿಗೆ ವಿರುದ್ಧ ಎಂದಿತು. ಕೋರ್ಟಿನ ಮಾತು ಅಲ್ಲಿಗೆ ಮುಗಿಯಿತು. ಹಾಡಿಯವರ ಪ್ರಶ್ನೆ ಮಾತ್ರ ಕಾಡಂಚಿನ ಪ್ರತಿಯೊಂದು ರೆಸಾರ್ಟಿಗೂ ಈಗಲೂ ಅನ್ವಯಿಸುತ್ತದೆ ಎಂದು ನಾನು ನಂಬಿದ್ದೇನೆ.

ಸಫಾರಿ ನಿಂತ ದಿನಗಳೂ ಇವೆ. 2020ರ ಲಾಕ್‌ಡೌನ್‌ನಲ್ಲಿ ನಿಂತಿತು. 2025ರ ನವೆಂಬರಿನಲ್ಲಿ ಎಚ್.ಡಿ. ಕೋಟೆ, ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸರ್ಕಾರವೇ ನಿಲ್ಲಿಸಿತು. ಹೊಲಕ್ಕೆ ಹೋದ ಮನುಷ್ಯ ಮನೆಗೆ ಬಾರದಿದ್ದಾಗ ಸಫಾರಿ ನಿಲ್ಲಿಸಿದ್ದು ತಪ್ಪೆಂದು ಯಾರು ಹೇಳಿಯಾರು? ಆದರೆ ಜೀಪಿನ ಚಾಲಕನೂ ಅದೇ ಊರಿನವನು. ಅವನ ಅಣ್ಣನ ಹೊಲವೂ ಅದೇ ಕಾಡಂಚಿನಲ್ಲಿದೆ. ಭಯವೂ ಅವನದೇ, ನಿಂತ ಸಂಬಳವೂ ಅವನದೇ. ಅಂಥ ತಿಂಗಳುಗಳಿಗೆಂದೇ ಒಂದು ನಿಧಿ ಕೂಡಿಡುವುದು ಲಾಭ ಮಾಡುವ ಯಾವ ಕಂಪನಿಗೂ ಹೊರೆಯಲ್ಲ.

ಕೊನೆಯದಾಗಿ, ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಒಂದು ಒತ್ತಾಯ. ಕಬಿನಿ ಸುತ್ತ ಈಗ ಖಾಸಗಿ ರೆಸಾರ್ಟುಗಳೂ ಸಾಕಷ್ಟಿವೆ. ಅಲ್ಲಿ ಅತಿಥಿಗಳಿಗೆ ಕಾಡು ತೋರಿಸಿ ವಿವರಿಸುವ ನ್ಯಾಚುರಲಿಸ್ಟ್ ಕೆಲಸಕ್ಕೆ ಸೇರಬೇಕಾದರೆ ಮೊದಲು ನೋಡುವುದು ಇಂಗ್ಲಿಷನ್ನು. ಹಕ್ಕಿಯ ಕೂಗು ಕೇಳಿ ಗೂಡಿನ ಮರ ಹೇಳುವ ಹಾಡಿಯ ಹುಡುಗ ಅಲ್ಲೇ ಹಿಂದೆ ಬೀಳುತ್ತಾನೆ. ಅವನಿಗೆ ಸಿಗುವುದು ತೋಟದ ಕೆಲಸ, ದೋಣಿಯ ಕೆಲಸ. ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವ ಕನ್ನಡದ ಸಂಸಾರಗಳು ಎಷ್ಟೋ ಇವೆ. ಅವರಿಗೆ ಕನ್ನಡದಲ್ಲೇ ಕಾಡು ತೋರಿಸಬಹುದು. ತರಬೇತಿ ಕನ್ನಡದಲ್ಲಿರಲಿ, ಪರೀಕ್ಷೆ ಕಾಡಿನೊಳಗೆ ನಡೆಯಲಿ, ಹಾಡಿಯ ಹಿರಿಯರೇ ಪರೀಕ್ಷಕರಾಗಿರಲಿ. ಇಂಗ್ಲಿಷನ್ನು ಆಮೇಲೆ ಸಂಬಳ ಕೊಟ್ಟೇ ಕಲಿಸಬಹುದು. ಈ ಮಾತನ್ನು ಜಂಗಲ್ ಲಾಡ್ಜಸ್‌ನವರೂ ಕಾಡಂಚಿನ ರೆಸಾರ್ಟಿನವರೂ ಕೇಳಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಹೊಸ ಹುಲ್ಲಿಗೆ ಆನೆಗಳು ಬಂದು ಸೇರುವ ಹೊತ್ತಿಗೆ ನೀವು ಅಲ್ಲಿಗೆ ಹೋದರೆ, ಕೊಠಡಿ ಕಾಯ್ದಿರಿಸುವಾಗಲೇ ಕನ್ನಡದಲ್ಲಿ ಕಾಡು ತೋರಿಸುವ ಸ್ಥಳೀಯರು ಬೇಕೆಂದು ಕೇಳಿ.

ನಮಸ್ಕಾರ.