ದೊಡ್ಡವ್ವನ ಗಡಿಗೆ ಮುಂಬೈಯಲ್ಲಿ ಯಾಕೆ ತಣ್ಣಗಾಗಲಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳು. ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಮುಲುಂಡ್‌ನಲ್ಲೋ ಕೂತು ಕೇಳುತ್ತಿದ್ದೀರಿ. ಅಂಗಿ ಬೆನ್ನಿಗೆ ಅಂಟಿಕೊಂಡಿದೆ, ಅಲ್ವಾ? ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಬೆವರು ಆರುತ್ತಿಲ್ಲ. ಈ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಇವತ್ತು ನಿಮಗೆ ಒಂದೇ ಸಂಗತಿ ಹೇಳುತ್ತೇನೆ. ನೀರು ಆವಿಯಾಗುವಾಗ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಇದೊಂದನ್ನು ಹಿಡಿದುಕೊಳ್ಳಿ. ಗಡಿಗೆ, ಫ್ಯಾನು, ಕೂಲರ್, ಇಡ್ಲಿ ಎಲ್ಲ ಇದರಲ್ಲೇ ಇದೆ.

ಎಷ್ಟು ಶಾಖ? ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ನೀರಿಡಿ. ಐದು ನಿಮಿಷಕ್ಕೆ ಕುದಿ ಬಂತು ಅನ್ನಿ. ಉರಿ ಹಾಗೇ ಬಿಟ್ಟರೆ ಅದೇ ನೀರು ಪೂರ್ತಿ ಬತ್ತಲು ಮತ್ತೆ ಹತ್ತಿರ ಹತ್ತಿರ ನಲವತ್ತು ನಿಮಿಷ ಬೇಕು. ಒಂದು ಗ್ರಾಂ ನೀರು 30 ಡಿಗ್ರಿಯಿಂದ 100 ಡಿಗ್ರಿಗೆ ಏರಲು 70 ಕ್ಯಾಲೊರಿ ಸಾಕು. ಕುದಿಯುವ ಆ ನೀರು ಆವಿಯಾಗಲು 540 ಕ್ಯಾಲೊರಿ ಬೇಕು. ಅಷ್ಟು ಹೊತ್ತು ಉರಿ ಹಾಕಿದರೂ ನೀರಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಶಾಖವೆಲ್ಲ ಆವಿಯ ಜೊತೆ ಹೋಗುತ್ತಿರುತ್ತದೆ. 1760ರ ಸುಮಾರಿಗೆ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಮೇಷ್ಟ್ರು ಇದನ್ನು ಅಳೆದು ತೋರಿಸಿದರು. ಶಾಲೆಯಲ್ಲಿ ಗುಪ್ತೋಷ್ಣ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಅದೇ ಇದು.

ಈಗ ನಮ್ಮ ದೊಡ್ಡವ್ವನ ಕಥೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿ ಡೊಂಬಿವಲಿಯ ಚಾಳಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ವಿಜಯಪುರದ ಕಡೆಯ ಹಳ್ಳಿಯಿಂದ ದೊಡ್ಡವ್ವ ಬಂದಳು. ಬರುವಾಗ ಒಂದು ಮಣ್ಣಿನ ಗಡಿಗೆ ತಂದಳು. ಒಡೆಯಬಾರದು ಅಂತ ಕೌದಿಯಲ್ಲಿ ಸುತ್ತಿ, ರೈಲಿನಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಮೂಲೆಯಲ್ಲಿ ಮರಳು ಹಾಸಿ, ಅದರ ಮೇಲೆ ಗಡಿಗೆ ಕೂರಿಸಿ, ನೀರು ತುಂಬಿ, ಒದ್ದೆ ಬಟ್ಟೆ ಸುತ್ತಿದಳು. ಮರುದಿನ ಬೆಳಿಗ್ಗೆ ಒಂದು ಲೋಟ ಕುಡಿದವಳೇ ಮುಖ ಕಿವಿಚಿದಳು. "ಕುಂಬಾರ ಮೋಸ ಮಾಡ್ಯಾನ ತಮ್ಮಾ. ಗಡಿಗಿ ಸರಿ ಸುಟ್ಟಿಲ್ಲ."

ತೆಂಗಿನ ನಾರಿನಿಂದ ಹೊರಮೈ ತಿಕ್ಕಿದಳು. ಕಿಟಕಿಯ ಹತ್ತಿರ ಇಟ್ಟು ನೋಡಿದಳು. ಮೂರು ದಿನವಾದರೂ ಅಷ್ಟೇ. ಅಷ್ಟು ದೂರ ಹೊತ್ತು ತಂದದ್ದು ಸುಮ್ನೆ ಆಯಿತಲ್ಲ ಅಂತ ಅವಳಿಗೆ ತುಂಬಾ ಬೇಜಾರು. ನಾನು ಕಾಲೇಜಿನಿಂದ ಥರ್ಮಾಮೀಟರ್ ತಂದೆ. ಕೋಣೆಯಲ್ಲಿ 33 ಡಿಗ್ರಿ. ಗಡಿಗೆಯ ನೀರು 30.

"ಗಡಿಗೀದು ತಪ್ಪಿಲ್ಲ ದೊಡ್ಡವ್ವ, ಇಲ್ಲಿ ಗಾಳೀದು ತಪ್ಪು" ಅಂದೆ. ನಂಬಲಿಲ್ಲ. ಆಗ ಕೇಳಿದೆ, "ಊರಾಗ ಸೀರಿ ಎಷ್ಟೊತ್ತಿನ್ಯಾಗ ಒಣಗತೈತಿ?"

"ಹಾಕಿ ಒಳಗ ಬರೂದ್ರಾಗ ಒಣಗಿರತೈತಿ."

ನಾನು ಗ್ಯಾಲರಿಯ ಹಗ್ಗ ತೋರಿಸಿದೆ. ಹಿಂದಿನ ದಿನ ಹಾಕಿದ ಅವಳ ಇಳಕಲ್ ಸೀರೆಯ ಸೆರಗು ಇನ್ನೂ ಹಸಿಯಾಗಿತ್ತು. ಎದ್ದು ಹೋಗಿ ಸೆರಗು ಹಿಂಡಿ ನೋಡಿದಳು. ಆಮೇಲೆ ಗಡಿಗೆಯ ಮೈ ಮುಟ್ಟಿ ನೋಡಿದಳು. "ಹಂಗಾರ ಇದೂ ಸೀರಿ ಹಂಗ ಒಣಗವಲ್ದೇನು?"

ನೋಡಿ, ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಗಡಿಗೆಯ ಮೈಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅವುಗಳಿಂದ ನೀರು ಜಿನುಗಿ ಹೊರಗೆ ಬರುತ್ತದೆ, ಆವಿಯಾಗುತ್ತದೆ, ಒಳಗಿನ ನೀರಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಒಂದು ಲೀಟರಿನಲ್ಲಿ ಎರಡು ಚಹಾ ಚಮಚದಷ್ಟು ನೀರು ಹೀಗೆ ಹೋದರೆ ಉಳಿದ ನೀರು ಐದಾರು ಡಿಗ್ರಿ ತಣ್ಣಗಾಗುತ್ತದೆ. ಆದರೆ ಮುಂಬೈಯ ಗಾಳಿ ಸಮುದ್ರದ ಗಾಳಿ. ಅದರಲ್ಲಿ ಮೊದಲೇ ನೀರು ತುಂಬಿದೆ. ಇನ್ನಷ್ಟು ಆವಿಗೆ ಅಲ್ಲಿ ಜಾಗ ಕಡಿಮೆ.

ಮುಂದಿನ ಬೇಸಿಗೆ ನಾನು ಊರಿಗೆ ಹೋದಾಗ ಥರ್ಮಾಮೀಟರ್ ಒಯ್ದಿದ್ದೆ. ಅದೇ ಗಡಿಗೆ ಪಡಸಾಲೆಯಲ್ಲಿತ್ತು. ಹೊರಗೆ 39 ಡಿಗ್ರಿ, ಗಡಿಗೆಯಲ್ಲಿ 25. ದೊಡ್ಡವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಅದೇ ಕುಂಬಾರನ ಹತ್ತಿರ ಇನ್ನೊಂದು ಗಡಿಗೆಯನ್ನೂ ಕೊಂಡಳು.

ಗಾಜಿನ ಆಚೆಯಿಂದ ಸಮಯ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಫ್ಯಾನು. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಬೇಡಿ. ಮೈಗೆ ಅಂಟಿ ನಿಂತ ಒದ್ದೆ ಗಾಳಿಯನ್ನು ಅದು ಆಚೆ ತಳ್ಳುತ್ತದೆ. ಆಗ ಬೆವರು ಆವಿಯಾಗುತ್ತದೆ, ಶಾಖ ಎತ್ತಿಕೊಂಡು ಹೋಗುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಅದರ ಮೋಟರಿನಿಂದ ಕೋಣೆ ಒಂಚೂರು ಬಿಸಿಯೇ ಆಗುತ್ತದೆ. ಆರಿಸಿ ಬನ್ನಿ.

ನೀರು ಹಾಕುವ ಕೂಲರ್ ಕೂಡ ಗಡಿಗೆಯೇ. ಬೇಸಿಗೆಯಲ್ಲಿ ಪುಣೆಯ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪುಣೆಯ ಅಣ್ಣನ ಮನೆಯಲ್ಲಿ ನೋಡಿ ಬಂದು ಇಲ್ಲಿ ಕೊಳ್ಳಬೇಡಿ, ಮನೆಯಲ್ಲಿ ತೇವ ಜಾಸ್ತಿಯಾಗುತ್ತದೆ. ಏಸಿ ಬೇರೆ. ಅದು ಗಾಳಿಯಲ್ಲಿನ ನೀರನ್ನೇ ಹಿಂಡಿ ತೆಗೆಯುತ್ತದೆ. ಫೋರ್ಟ್ ಕಡೆ ಫುಟ್‌ಪಾತಿನಲ್ಲಿ ನಡೆಯುವಾಗ ಮೇಲಿನಿಂದ ತಲೆಗೆ ಹನಿ ಬೀಳುತ್ತದಲ್ಲ, ಅದು ಆ ಕೋಣೆಯ ಗಾಳಿಯಲ್ಲಿದ್ದ ನೀರು.

ಕೊನೆಗೆ ಇಡ್ಲಿ. ಎತ್ತಿಕೊಂಡು ಹೋದ ಶಾಖವನ್ನು ಆವಿ ಮರಳಿ ಕೊಡುತ್ತದೆ, ಮತ್ತೆ ನೀರಾಗುವಾಗ. ತಣ್ಣನೆಯ ಹಿಟ್ಟಿನ ಮೇಲೆ ಹಬೆ ಕೂತು ನೀರಾಗುತ್ತದೆ, ಗ್ರಾಂಗೆ 540 ಕ್ಯಾಲೊರಿಯಂತೆ ಶಾಖ ಬಿಟ್ಟುಕೊಡುತ್ತದೆ. ಅದಕ್ಕೇ ಇಡ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ನಿಮ್ಮ ಕೈಯೂ ಹಬೆಗೆ ತಣ್ಣನೆಯ ಹಿಟ್ಟೇ. ಕುದಿಯುವ ನೀರು ತಾಗಿದ್ದಕ್ಕಿಂತ ಹಬೆಯ ಸುಟ್ಟಗಾಯ ಜೋರು. ಹಾಗಾಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಆಚೆ ಬದಿಯ ಅಂಚನ್ನು ಮೊದಲು ಎತ್ತಿ. ಹಬೆ ಗೋಡೆಯ ಕಡೆ ಹೋಗಲಿ.

ನಮಸ್ಕಾರ.