ಸೂರ್ಯನಿಗೆ ಗುಡಿ ಕಟ್ಟಿದ ದಿನ

ಕೇಳುಗರಿಗೆಲ್ಲ ನಮಸ್ಕಾರ.

2021ರ ಮೇ 24, ಸೋಮವಾರ. ಬೆಂಗಳೂರಿನಲ್ಲಿ ಲಾಕ್‌ಡೌನ್ ಕಾಲ. ಬೆಳಗ್ಗೆ 11 ಗಂಟೆ ಸುಮಾರಿಗೆ ಬಟ್ಟೆ ಒಣಹಾಕೋಣ ಅಂತ ಟೆರೇಸಿಗೆ ಹೋಗಿದ್ದೆ. ಪಕ್ಕದ ಮನೆ ಅಜ್ಜಿ ಹಳೇ ಸೀರೆ ಮೇಲೆ ಇಟ್ಟ ಅಕ್ಕಿ ಸಂಡಿಗೆಯನ್ನು ಕಾಗೆಗಳಿಂದ ಕಾಯುತ್ತಾ ಕೂತಿದ್ದರು. "ನೋಡಪ್ಪಾ, ಸೂರ್ಯನಿಗೆ ಗುಡಿ ಕಟ್ಟಿದೆ. ಮಳೆ ಬಂದರೆ ನನ್ನ ಸಂಡಿಗೆ ಗತಿ ಏನು?" ಅಂದರು. ತಲೆ ಎತ್ತಿದೆ. ನೆತ್ತಿ ಹತ್ತಿರ ಬಂದಿದ್ದ ಸೂರ್ಯನ ಸುತ್ತ ದೊಡ್ಡದೊಂದು ಬಳೆ! ಒಳಗಿನ ಅಂಚು ಕೆಂಪು, ಹೊರಗೆ ತೆಳು ನೀಲಿ.

ಬಕೆಟ್ ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಅವಸರದಲ್ಲಿ ತಂದದ್ದು ಹಕ್ಕಿ ತೆಗೆಯುವ ಉದ್ದನೆ ಲೆನ್ಸು. ಅದರಲ್ಲಿ ಬಳೆಯ ಒಂದು ಚೂರೂ ಸರಿಯಾಗಿ ಹಿಡಿಸಲಿಲ್ಲ. ಆಮೇಲೆ ಮೊಬೈಲ್ ತೆಗೆದೆ. ಸೂರ್ಯನ ಬೆಳಕಿಗೆ ಪಟವೆಲ್ಲ ಬೆಳ್ಳಗೆ. ಕೊನೆಗೆ ಕೈ ಹಿಡಿದದ್ದು ನೀರಿನ ಟ್ಯಾಂಕು. ಅದರ ನೆರಳಲ್ಲಿ ಬಗ್ಗಿ ನಿಂತು, ಟ್ಯಾಂಕಿನ ಅಂಚಿಗೆ ಸೂರ್ಯ ಮರೆಯಾಗುವ ಹಾಗೆ ಮಾಡಿ, ಅಗಲದ ಲೆನ್ಸಿನಲ್ಲಿ ಕ್ಲಿಕ್ ಮಾಡಿದೆ. ಟ್ಯಾಂಕಿನ ಹಿಂದಿನಿಂದ ಬಳೆ ಇಣುಕುವ ಪಟ ಬಂತು. ಅವತ್ತು ಊರಿನ ಅರ್ಧ ಮೊಬೈಲುಗಳಲ್ಲಿ ಅದೇ ಬಳೆ ಇತ್ತು ಅನ್ನಿ. ಆದರೂ ನನ್ನ ಟ್ಯಾಂಕು ನನಗೆ ಹೆಚ್ಚು.

ಈ ಗುಡಿ ಹೇಗೆ ಕಟ್ಟುತ್ತೆ? ತುಂಬಾ ಎತ್ತರದಲ್ಲಿ ತೆಳ್ಳನೆ ಮೋಡ ಇರುತ್ತದೆ. ನೀರಿನ ಹನಿಯ ಮೋಡ ಅಲ್ಲ, ಮಂಜುಗಡ್ಡೆಯ ಹರಳುಗಳದ್ದು. ಒಂದೊಂದು ಹರಳಿಗೂ ಪೆನ್ಸಿಲಿನ ಹಾಗೆ ಆರು ಮೈ. ಒಂದು ಮೈಯಿಂದ ಒಳಗೆ ಹೊಕ್ಕ ಬೆಳಕು ಇನ್ನೊಂದರಿಂದ ಹೊರಗೆ ಬರುವಾಗ ಸುಮಾರು 22 ಡಿಗ್ರಿ ಬಾಗುತ್ತದೆ. ಬಳೆ ಕಾಣೋದೂ ಸೂರ್ಯನಿಂದ ಅಷ್ಟೇ ದೂರದಲ್ಲಿ. ಅದನ್ನು ಅಳೆಯೋಕೆ ಗೇಣು ಸಾಕು. ಕೈ ಪೂರ್ತಿ ಚಾಚಿ, ಬೆರಳು ಅಗಲಿಸಿ, ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ. ಕಿರುಬೆರಳ ತುದಿ ಹೆಚ್ಚುಕಡಿಮೆ ಬಳೆಗೆ ತಾಗುತ್ತದೆ. ಸೂರ್ಯನನ್ನು ಮಾತ್ರ ಬರಿಗಣ್ಣಲ್ಲಿ ನೋಡಬೇಡಿ, ಕ್ಯಾಮೆರಾ ಕಿಂಡಿಯಲ್ಲಂತೂ ಬೇಡವೇ ಬೇಡ.

ಕಾಮನಬಿಲ್ಲಿನ ಲೆಕ್ಕ ಇದಕ್ಕೆ ತಿರುಗಾಮುರುಗಾ. ಕೆಂಪು ಹೊರಗೆ, ಸೂರ್ಯ ನಮ್ಮ ಬೆನ್ನ ಹಿಂದೆ. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಮೇಲಿದ್ದರೆ ನೆಲದ ಮೇಲೆ ನಿಂತವರಿಗೆ ಬಿಲ್ಲು ಕಾಣೋದಿಲ್ಲ. ಹಾಗಾಗಿ ಸಂಜೆ ಮಳೆ ನಿಂತು ಪಡುವಣದಲ್ಲಿ ಬಿಸಿಲು ಬಿತ್ತು ಅಂದರೆ, ಮೂಡಣಕ್ಕೆ, ಅಂದರೆ ಕೆ.ಆರ್.ಪುರದ ದಿಕ್ಕಿಗೆ ತಿರುಗಿ ನಿಲ್ಲಿ.

"ಧ್ರುವಪ್ರಭೆ ನೋಡೋಕೆ ನಾರ್ವೆಗೇ ಹೋಗಬೇಕಾ?" ಅಂತ ಸ್ನೇಹಿತರು ಕೇಳುತ್ತಾರೆ. ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕು ಅದು. 2024ರ ಮೇ 10ರ ರಾತ್ರಿ ಅದು ಲಡಾಖಿನ ಹಾನ್ಲೆಗೇ ಬಂದಿತ್ತು. ಸೂರ್ಯನಿಂದ ಕಣಗಳ ಭಾರಿ ಬಿರುಗಾಳಿ ಎದ್ದು ಭೂಮಿಗೆ ಬಡಿದ ರಾತ್ರಿ ಅದು. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಕೆಂಪು ಬೆಳಕು ದಾಖಲಾಯಿತು. ಆ ವೀಕ್ಷಣಾಲಯ ನಡೆಸುವವರು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು. ಅಲ್ಲಿನ ದೊಡ್ಡ ದೂರದರ್ಶಕವನ್ನು ಇಲ್ಲೇ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಊರಿಗೆ ಕೆಂಪು ಬೆಳಕು ಬರದಿದ್ದರೂ ನಂಟಂತೂ ಇದೆ, ಅಲ್ವಾ?

ನನ್ನ ಕೇಳಿದರೆ, ಬೆಂಗಳೂರಿನ ದೊಡ್ಡ ಆಟ ಏಪ್ರಿಲ್, ಮೇ ತಿಂಗಳ ಮಿಂಚು. ಮಧ್ಯಾಹ್ನವೆಲ್ಲ ಧಗೆ, ಸಂಜೆಗೆ ಕಪ್ಪು ಮೋಡ, ಕತ್ತಲಾದ ಮೇಲೆ ಕೋಲ್ಮಿಂಚು. ಮಿಂಚು ಹೊಡೆದದ್ದು ನೋಡಿ ಗುಂಡಿ ಒತ್ತಿದರೆ ಸಿಗೋದಿಲ್ಲ. ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ, ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್‌ಒ 100, ಲೆನ್ಸಿನ ಬಾಯಿ ಎಫ್ 8 ಇಟ್ಟು, ಹತ್ತು ಹತ್ತು ಸೆಕೆಂಡು ಶಟರ್ ತೆರೆದಿಡಬೇಕು. ಜಾಸ್ತಿ ಹೊತ್ತು ಬಿಟ್ಟರೆ ಬೀದಿ ದೀಪದ ಬೆಳಕಿಗೆ ಆಕಾಶವೆಲ್ಲ ಕಿತ್ತಳೆ ಬಣ್ಣ. ಫೋಕಸ್ ಅನ್ನು ಕೈಯಲ್ಲೇ ದೂರದ ದೀಪಕ್ಕೆ ಕೂರಿಸಿ. ಒಂದು ರಾತ್ರಿ ಆಟೋ ಫೋಕಸ್‌ನಲ್ಲೇ ಬಿಟ್ಟು ಇನ್ನೂರು ಪಟ ತೆಗೆದೆ. ಇನ್ನೂರೂ ಮಸುಕು.

ಇದೆಲ್ಲ ಟೆರೇಸಿನಲ್ಲಿ ಮಾಡುವ ಕೆಲಸವಲ್ಲ. ನಾನು ಮನೆ ಒಳಗೆ, ಮುಚ್ಚಿದ ಕಿಟಕಿ ಗಾಜಿನ ಹಿಂದೆ ನಿಲ್ಲುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಹೊರಗಿರುವವರು ಒಳಗೆ ಬಂದುಬಿಡಬೇಕು.

ಮಿಂಚು ಬರುವ ಸುಳಿವು ನನಗೆ ಸಿಗೋದು ರೇಡಿಯೋದಿಂದ. ಮೀಡಿಯಂ ವೇವ್ 612ಕ್ಕೆ, ಅಂದರೆ ಬೆಂಗಳೂರು ಆಕಾಶವಾಣಿಗೆ ತಿರುಗಿಸಿ ಅಡುಗೆಮನೆಯಲ್ಲಿ ಇಟ್ಟಿರುತ್ತೇನೆ. ದೂರದಲ್ಲೆಲ್ಲೋ ಮಿಂಚಿದರೂ ಹಾಡಿನ ನಡುವೆ ಚರ್ ಚರ್ ಅನ್ನುತ್ತದೆ. ಮಿಂಚು ರೇಡಿಯೋ ಅಲೆಗಳನ್ನೂ ಚಿಮ್ಮಿಸುತ್ತದಲ್ಲ, ಅದು. ನಮ್ಮ ತಂದೆ ಆ ಸದ್ದು ಕೇಳಿದರೆ "ಬಟ್ಟೆ ತೆಗೀರೋ" ಅಂತ ಕೂಗುತ್ತಿದ್ದರು. ನಾನು ಈಗ ಸ್ಟ್ಯಾಂಡ್ ಹುಡುಕೋಕೆ ಹೋಗುತ್ತೇನೆ. ಬಟ್ಟೆ ನೆನೆದು, ಮನೆಯಲ್ಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.